ಮೂಲೆ ಕತ್ತರಿಸಿದ ಈಸ್ಟರ್ ಕಾರ್ಡು

ನನಗೆ ಕೈಕೆಲಸದ ಹುಚ್ಚು ಆಗಾಗ ಬರುತ್ತದೆ, ಬೇರೆಯವರಿಗೆ ನೆಗಡಿ ಬಂದ ಹಾಗೆ. ಒಂದು ವರ್ಷ ಕ್ರೋಶಾ ಬಂದಿತ್ತು. ಮನೆಯ ಮಿಕ್ಸಿ, ಟಿವಿ, ನೀರಿನ ಫಿಲ್ಟರ್ ಎಲ್ಲಕ್ಕೂ ಟೋಪಿ ಹೆಣೆದು ಹಾಕಿದ್ದೆ. ಇನ್ನೊಂದು ವರ್ಷ ಬಾಟಲಿಗೆ ಬಣ್ಣ ಬಳಿಯುವುದು ಬಂತು. ಅಡುಗೆಮನೆಯಲ್ಲಿ ಎಣ್ಣೆ ಯಾವುದು, ಬಚ್ಚಲಲ್ಲಿ ಫಿನಾಯಿಲ್ ಯಾವುದು ಎಂದು ತಿಳಿಯದೆ ಯಜಮಾನರು ಪ್ರತಿಯೊಂದನ್ನೂ ಮೂಸಿ ನೋಡುವಂತಾಯಿತು. ಅವೆಲ್ಲ ಬಂದ ಹಾಗೇ ವಾಸಿಯಾದವು. ಆದರೆ ಈಚೆಗೆ ಬಂದ ಕಾರ್ಡು ಮಾಡುವ ಹುಚ್ಚು ಬಿಟ್ಟು ಹೋದ ನಾಚಿಕೆ ಮಾತ್ರ ಇನ್ನೂ ವಾಸಿಯಾಗಿಲ್ಲ. ಮನೆಯಲ್ಲಿ ಹೇಳುವ ಹಾಗಿಲ್ಲ, ಆಫೀಸಿನಲ್ಲಿ ಹೇಳಿದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಕೊಪ್ಪದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಶೀಬಾ. ದಿನಾ ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬರುತ್ತಾಳೆ. ಅವಳ ತಾಯಿ ಅನ್ನಮ್ಮನವರು ಹಿಂದೆ ಕೊಪ್ಪದಲ್ಲಿ ನಮ್ಮ ಅತ್ತೆಯ ಪಕ್ಕದ ಮನೆಯಲ್ಲಿದ್ದವರು. ಊರು ಬಿಟ್ಟರೂ ಬಳಕೆ ಬಿಟ್ಟಿಲ್ಲ. ಪ್ರತಿ ಈಸ್ಟರಿಗೆ ಅವರ ಮನೆಯಿಂದ ಒಂದು ಡಬ್ಬಿ ತುಂಬ ಕೇಕು, ಅಕ್ಕಿಯ ಸಿಹಿ ಅಪ್ಪ ಬರುತ್ತದೆ. ಡಬ್ಬಿ ಖಾಲಿ ಕಳಿಸಬಾರದೆಂದು ಅತ್ತೆ ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿ ವಾಪಸು ಕೊಡುತ್ತಾರೆ. ಬರೀ ಸಕ್ಕರೆ ಕೊಡುವುದು ಓದಿದ ಸೊಸೆಯಿರುವ ಮನೆಗೆ ಶೋಭೆಯಲ್ಲ ಎಂದು ಈ ಸಲ ನನಗೆ ಅನಿಸಿತು. ಫೋನಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಜಲವರ್ಣದಲ್ಲಿ ಹಿನ್ನೆಲೆ ಬರೆದು, ಅದರ ಮೇಲೆ ಕಾಗದದ ಹೂ ಅಂಟಿಸಿ ಈಸ್ಟರ್ ಕಾರ್ಡು ಮಾಡುವುದನ್ನು ನೋಡಿದ್ದೆ. ಅವಳ ಮೇಜಿನ ಮೇಲೆ ಒಂದು ಧೂಳಿನ ಕಣವೂ ಇರಲಿಲ್ಲ. ನಾನೂ ಬಣ್ಣ, ಬ್ರಷ್ಷು, ಜೊತೆಗೆ ಹೂವಿನ ಆಕಾರಕ್ಕೆ ಕಾಗದ ಕತ್ತರಿಸುವ ಪುಟ್ಟ ಡೈ ಕಟಿಂಗ್ ಮಷೀನೊಂದನ್ನು ತರಿಸಿದೆ.

ಮಷೀನು ಬಂದ ದಿನ ಅತ್ತೆ ಅದರ ಹಿಡಿಯನ್ನು ಒಂದು ಸುತ್ತು ತಿರುಗಿಸಿ, "ಎಂತದೇ ಇದು, ಶಾವಿಗೆ ಒತ್ತೂದಾ?" ಎಂದರು. ಕಾಗದದ ಹೂ ಮಾಡುವುದು ಎಂದೆ. "ಅಂಗಳದಲ್ಲಿ ಇಷ್ಟು ಹೂ ಬಿಟ್ಟದ್ದು ಸಾಲ್ಲಿಲ್ವಾ?" ಎಂದು ಕೇಳಿ ಒಳಗೆ ಹೋದರು. ನಾನು ಕಲಾವಿದೆಯ ಗಾಂಭೀರ್ಯದಲ್ಲಿ ಬ್ರಷ್ಷು ಕೈಗೆತ್ತಿಕೊಂಡೆ. ಮೊದಲ ಕಾರ್ಡಿನಲ್ಲಿ ನೀರು ಜಾಸ್ತಿಯಾಗಿ ಆಕಾಶ ಕೆಳಗಿಳಿದು ಹುಲ್ಲಿಗೆ ಸೇರಿತು. ಎರಡನೆಯದರಲ್ಲಿ ಗುಲಾಬಿ ಮೊಗ್ಗುಗಳು ಬೀಟ್‌ರೂಟಿನಂತೆ ಬಂದವು. ಕಡೆಗೊಂದು ಸರಿಹೋಯಿತು: ತಿಳಿ ನೇರಳೆ ಹಿನ್ನೆಲೆ, ಮೇಲೆ ಮಷೀನು ಕತ್ತರಿಸಿಕೊಟ್ಟ ಬಿಳಿ ಹೂಗಳ ಗೊಂಚಲು. ನನ್ನ ಕಣ್ಣೇ ಬೀಳುವ ಹಾಗಿತ್ತು. ಒಳಗೆ ಕನ್ನಡದಲ್ಲಿ ಹಬ್ಬದ ಶುಭಾಶಯ ಬರೆದು, ಒಣಗಲು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಕಾರ್ಡಿನ ನಾಲ್ಕೂ ಮೂಲೆಗೆ ಹಸಿ ಅರಿಶಿನ! ಅತ್ತೆ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದರು. "ಶುಭದ ಕಾಗದ ಅಲ್ವಾ? ಬೋಳು ಬೋಳಾಗಿ ಕಳಿಸೂದು ಹೆಂಗೆ ಅಂತ ನಾನೇ ಹಚ್ಚಿದೆ" ಎಂದರು, ನನ್ನಿಂದ ಬಿಟ್ಟುಹೋದದ್ದನ್ನು ತಾವು ಸರಿಮಾಡಿದ ಸಂತೋಷದಲ್ಲಿ. "ಒಳ್ಳೇದಾಯ್ತು ಅತ್ತೆ" ಎಂದು ನಕ್ಕೆ. ಒಳಗೊಳಗೇ ಅಳು ಬರುತ್ತಿತ್ತು. ಫೋನಿನಲ್ಲಿ ಕಂಡ ಆ ಹೆಂಗಸಿನ ಕಾರ್ಡಿನಂತೆ ಮಿರುಗುತ್ತಿದ್ದ ನನ್ನ ಕಾರ್ಡು ನೋಡನೋಡುತ್ತಲೇ ಗೃಹಪ್ರವೇಶದ ಕರೆಯೋಲೆಯಾಗಿತ್ತು. ಶೀಬಾ ಏನೆಂದುಕೊಂಡಾಳು? ಅತ್ತೆಯ ಬೆರಳ ಗುರುತು ಕಂಡು ನನಗೆ ನಾಚಿಕೆಯಾಯಿತು. ಅವರು ಹಿತ್ತಿಲಿಗೆ ಹೋದದ್ದೇ ಮಷೀನಿಗೆ ಹೂವಿನ ಅಚ್ಚಿನ ಬದಲು ನೇರ ಅಂಚಿನದನ್ನು ಹಾಕಿ, ನಾಲ್ಕೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿಬಿಟ್ಟೆ. ನಾಲ್ಕು ಮೂಲೆಯ ಕಾರ್ಡಿಗೆ ಎಂಟು ಮೂಲೆ ಬಂತು. ಇದೂ ಒಂದು ಫ್ಯಾಶನ್ನೇ ಎಂದು ಸಮಾಧಾನ ಮಾಡಿಕೊಂಡು, ಲಕೋಟೆಗೆ ಹಾಕಿ, ಮೇಲೆ ಅನ್ನಮ್ಮನವರ ಹೆಸರು ಬರೆದು ಈಸ್ಟರಿನ ಹಿಂದಿನ ದಿನ, ಶನಿವಾರ, ಶೀಬಾಳ ಕೈಗೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ದೋಸೆ ಹೊಯ್ಯುತ್ತಿದ್ದ ಅತ್ತೆ ಅದನ್ನೆತ್ತಿ, ಎಂದಿನಂತೆ ಸ್ಪೀಕರಿಗೆ ಹಾಕಿದರು. ಆ ಕಡೆ ಅನ್ನಮ್ಮನವರು ಬಿಕ್ಕುತ್ತಿದ್ದರು. "ಯಾವಾಗ ಹೋದ್ರು ಮಗಳೇ?"

"ಯಾರು?" ಎಂದರು ಅತ್ತೆ.

"ನಿನ್ನ ಅತ್ತೆ! ನಂಗೊಂದು ಮಾತು ಹೇಳ್ಲಿಲ್ವಲ್ಲ!"

"ನಾನು ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ತಿ. ಇಲ್ಲೇ ದೋಸೆ ಹೊಯ್ತಾ ಇದ್ದೆ."

ಆ ಕಡೆಯಿಂದ "ನನ್ನ ಕರ್ತನೇ!" ಎಂಬ ಕೂಗು. ವಿಷಯ ಇಷ್ಟೇ. ಯೇಸು ಸಾವಿನಿಂದ ಎದ್ದು ಬಂದ ದಿನವೆಂದು ಶೀಬಾ ಈಸ್ಟರಿನ ನಸುಕಿನ ಪೂಜೆಗೆ ಚರ್ಚಿಗೆ ಹೋಗಿದ್ದಳು. ಮಂಡಿನೋವಿನಿಂದ ಮನೆಯಲ್ಲೇ ಉಳಿದ ಅನ್ನಮ್ಮನವರು ಲಕೋಟೆ ತೆರೆದಿದ್ದಾರೆ. ಅವರಿಗೆ ಓದಲು ಬರುವುದು ಮಲಯಾಳ ಮಾತ್ರ. ಕಂಡದ್ದು ಬಿಳಿ ಹೂವಿನ ಗೊಂಚಲು, ಕತ್ತರಿಸಿದ ಮೂಲೆಗಳು. ಹಿಂದೆ ಸಾವಿನ ಸುದ್ದಿಯ ಕಾಗದವನ್ನು ಮೂಲೆ ಹರಿದೇ ಕಳಿಸುತ್ತಿದ್ದರಲ್ಲ, ಓದುವ ಮೊದಲೇ ತಿಳಿಯಲಿ ಎಂದು? ಅದು ನನಗೂ ಗೊತ್ತಿದ್ದದ್ದೇ. ಆದರೆ ಕಾಗದ ಬರುವುದೇ ನಿಂತ ಮೇಲೆ ಯಾರಿಗೆ ನೆನಪಿರುತ್ತದೆ? ಅತ್ತೆ ಚಳಿಗಾಲದಲ್ಲಿ ಆಸ್ಪತ್ರೆ ಸೇರಿ ಬಂದದ್ದು ಅನ್ನಮ್ಮನವರಿಗೆ ಗೊತ್ತಿತ್ತು. ಉಳಿದದ್ದನ್ನು ನನ್ನ ಕಾರ್ಡು ಪೂರೈಸಿತ್ತು.

ಅತ್ತೆ ಒಲೆ ಆರಿಸಿ ಕೇಳಿದರು, "ಮೂಲೆ ಎಂತಕ್ಕೆ ಕತ್ತರಿಸಿದೆ?"

ನಿಜ ಹೇಳಬಹುದಿತ್ತು. "ಅವರದ್ದರಲ್ಲಿ ಅರಿಶಿನ ಆಗೂದಿಲ್ಲ ಅತ್ತೆ. ಬೇಜಾರು ಮಾಡ್ಕೊಂಡಾರು ಅಂತ" ಎಂದೆ.

ಅವರ ಮುಖ ಸಣ್ಣದಾಯಿತು. "ಹೌದಾ? ನಂಗೆ ಗೊತ್ತಾಗ್ಲಿಲ್ಲ ನೋಡು. ನಂದೇ ತಪ್ಪು" ಎಂದರು. ಒಂದೆರಡು ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಅವರು ಒಳ್ಳೆಯ ಸೀರೆ ಉಟ್ಟು ಬಂದು, "ಫೋನಲ್ಲಿ ಹೇಳಿದ್ರೆ ಅವಳಿಗೆ ಪೂರ್ತಿ ನಂಬಿಕೆ ಬರೂದಿಲ್ಲ. ಮುಖ ತೋರಿಸಿ ಬರುವ, ಹೊರಡು" ಎಂದರು.

ನರಸಿಂಹರಾಜಪುರದಲ್ಲಿ ಅನ್ನಮ್ಮನವರು ಬಾಗಿಲಲ್ಲೇ ಕಾಯುತ್ತಿದ್ದರು. ಅತ್ತೆಯ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದರು. "ಎದ್ದು ಬರೂದಕ್ಕೆ ಒಳ್ಳೇ ದಿನಾನೇ ಆರಿಸಿದ್ರಿ!" ಎಂದು ಅತ್ತುಕೊಂಡೇ ನಕ್ಕರು. ಚರ್ಚಿನಿಂದ ಬಂದಿದ್ದ ಶೀಬಾಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆ ಅಪ್ಪದ ತಟ್ಟೆ ಕೆಳಗಿಟ್ಟು, "ನನ್ನಿಂದಲೇ ಹೀಗಾಯ್ತು ಅನ್ನಮ್ಮ. ನಿಮಗೆ ಅರಿಶಿನ ಆಗೂದಿಲ್ಲ ಅಂತ ತಿಳೀದೆ ಹಚ್ಚಿಬಿಟ್ಟಿದ್ದೆ. ಇವಳು ಪಾಪ ಅದನ್ನ ತೆಗೀಲಿಕ್ಕೆ ಹೋಗಿ..." ಎಂದರು.

"ಆಗೂದಿಲ್ಲ ಅಂತ ಯಾರು ಹೇಳಿದ್ದು?" ಅನ್ನಮ್ಮನವರಿಗೆ ಆಶ್ಚರ್ಯ. "ಶೀಬಾ ಮದುವೆ ಕಾಗದಕ್ಕೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ನಿಮ್ಮ ಕೈಗೆ ಕೊಟ್ಟಿದ್ದು ನಾನೇ ಅಲ್ವಾ? ನಿಮಗೆ ಖುಷಿಯಾಗ್ಲಿ ಅಂತ!"

ಅತ್ತೆ ಒಂದೇ ಸಲ ನನ್ನ ಕಡೆ ನೋಡಿದರು. ನಾನು ತಟ್ಟೆಯಲ್ಲಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದೆ. "ಹೌದಲ್ಲ, ಮರ್ತೇ ಹೋಗಿತ್ತು ನಂಗೆ" ಎಂದು ಅತ್ತೆ ಬೇರೆ ಮಾತು ತೆಗೆದರು. ವಾಪಸು ಬರುವಾಗ ಬಸ್ಸಿನಲ್ಲಿ ಆ ವಿಷಯ ಎತ್ತಲೇ ಇಲ್ಲ. ಕೊಪ್ಪ ಹತ್ತಿರವಾದಾಗ, "ಹೂ ಚಂದ ಆಗಿತ್ತು" ಎಂದರು, ಅಷ್ಟೇ. ನನಗೆ ಬಸ್ಸಿನ ಸೀಟಿನಡಿ ತೂರಿಕೊಳ್ಳೋಣ ಎನಿಸಿತು.

ಅಂದು ಮೂಲೆ ಕತ್ತರಿಸುವಾಗ ಹಸಿ ಅರಿಶಿನ ಮಷೀನಿನಲ್ಲಿ ಕಾಗದ ಇಡುವ ಹಲಗೆಗೆ ಮೆತ್ತಿಕೊಂಡಿತ್ತು. ಸೋಪು, ನಿಂಬೆಹುಳಿ ಏನು ಹಾಕಿದರೂ ಪೂರ್ತಿ ಹೋಗಿಲ್ಲ. ಈಗ ಅದರಲ್ಲಿ ಕತ್ತರಿಸಿದ ಬಿಳಿ ಹೂಗಳ ಅಂಚಿಗೆಲ್ಲ ತೆಳುವಾಗಿ ಹಳದಿ ಹಿಡಿಯುತ್ತದೆ. ನೋಡಲು ನಿಜವಾಗಿ ಚೆನ್ನಾಗಿದೆ. ಮೊನ್ನೆ ನಮ್ಮ ಮನೆಗೆ ಬಂದ ಶೀಬಾ ಒಂದು ಹೂವನ್ನು ಬೆಳಕಿಗೆ ಹಿಡಿದು, "ಈ ಬಣ್ಣ ಹೆಂಗೆ ತಂದ್ರಿ ಮಾರಾಯ್ರೆ?" ಎಂದು ಕೇಳಿದಳು. ಅತ್ತೆ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. ನಾನು ಬಾಯಿ ತೆರೆದೆ. "ವೀಡಿಯೊ ನೋಡಿ ಕಲಿತದ್ದು" ಎಂದೆ.