ಹೊನ್ನವಳ್ಳಿಯವರ ಬೂಸ್ಟರ್

ಸೂಜಿ ಹಿಡಿದು ನಿಂತವರ ಮುಂದೆ ಜನ ಏನಾದರೂ ಒಂದು ಹೇಳಿ ನಗಿಸದೆ ಬಿಡುವುದಿಲ್ಲ. ತಿಪಟೂರಿನ ಸಣ್ಣ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿರುವ ನನಗೆ ಇಂಥದ್ದು ಸಿಗುತ್ತಲೇ ಇರುತ್ತದೆ. ಹೊನ್ನವಳ್ಳಿಯ ಆ ಗಂಡ ಹೆಂಡತಿ ನಗಿಸಿದಷ್ಟು ಯಾರೂ ನಗಿಸಿಲ್ಲ. ಅಳಿಸಿದ್ದೂ ಅವರೇ.

ಗಂಡನ ಪಾಲು

ಆತ ತೆಂಗಿನಕಾಯಿ ಸುಲಿಯುವ ಕೆಲಸದವರು. ರಕ್ತ ಕೊಡಲು ಹೋದಾಗ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಲಿವರ್ ಆಗಲೇ ಕೆಟ್ಟಿತ್ತು. ಡಾಕ್ಟರು ಮಾತ್ರೆ ಬರೆದು, ಹೆಂಡತಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ, "ಹೆಂಡ್ತಿಗೆ ತಗುಲಿಲ್ಲ, ಅವರಿಗೆ ಮೂರು ಲಸಿಕೆ ಹಾಕ್ಸು" ಅಂದರು.

"ನಂಗೂ ಹಾಕ್ಬುಡಿ ಸಾರ್."

"ಕಾಯಿಲೆ ಬಂದ್ಮೇಲೆ ಲಸಿಕೆ ಕೆಲಸ ಮಾಡಲ್ಲ ಕಣಪ್ಪ."

ಹೆಂಡತಿಯ ಕಣ್ಣು ತುಂಬಿತು. ಆತ ಅದನ್ನು ನೋಡಿ, "ಹಂಗಾದ್ರೆ ನನ್ ಪಾಲಿಂದೂ ಇವ್ಳಿಗೇ ಹಾಕ್ಬುಡಿ. ಮನೇಲೂ ಹಂಗೇ ನಡೀತಿರೋದು" ಅಂದರು.

ತಾಗದ ಹೆಂಡತಿ

ಮೂರೂ ಲಸಿಕೆ ಮುಗಿದು ತಿಂಗಳಾದ ಮೇಲೆ ಆಕೆಯ ರಕ್ತ ಪರೀಕ್ಷೆ ಮಾಡಿಸಿದರು. ರಕ್ಷಣೆ ಚೆನ್ನಾಗಿ ಬಂದಿತ್ತು.

"ಎಷ್ಟು ವರ್ಷ ಇರುತ್ತೆ ಸಾರ್?" ಗಂಡ ಕೇಳಿದರು.

"ಬಹಳ ವರ್ಷ. ಮುಂದೆ ರಕ್ತದಲ್ಲಿ ಅದರ ಅಳತೆ ಇಳಿದರೂ ಮೈಗೆ ಆ ರೋಗಾಣುವಿನ ಗುರುತು ಇರುತ್ತೆ. ಬೂಸ್ಟರ್ ಬೇಡ. ಡಯಾಲಿಸಿಸ್‌ನಲ್ಲಿ ಇರೋವಂಥವರಿಗಷ್ಟೇ ಆಗಾಗ ನೋಡ್ತಾ ಇರಬೇಕು."

ಆತ ನನ್ನ ಕಡೆ ತಿರುಗಿದರು. "ನೋಡಿದ್ರಾ ಸಿಸ್ಟರ್, ಮದ್ವೆ ಆದಾಗ್ಲಿಂದ ನನ್ ಒಂದ್ ಮಾತೂ ಇವ್ಳಿಗೆ ತಾಗಿಲ್ಲ. ಇನ್ಮೇಲೆ ಕಾಯ್ಲೇನೂ ತಾಗಲ್ವಂತೆ!"

ಬೈಯದ ಡಾಕ್ಟರು

ಆದರೂ ಪ್ರತಿ ವರ್ಷ ತಮ್ಮ ತಪಾಸಣೆಗೆ ಬಂದಾಗ ಆತ ಕೇಳುತ್ತಿದ್ದುದು ಒಂದೇ. "ಇವ್ಳಿಗೆ ಬೂಸ್ಟರ್?"

"ಎಷ್ಟು ಸಲ ಹೇಳ್ಲಿ? ಬೇಡ ಅಂದ್ರೆ ಬೇಡ!" ಡಾಕ್ಟರ ಗದರಿಕೆ ಹೊರಗೆ ಕೂತವರಿಗೂ ಕೇಳುತ್ತಿತ್ತು.

ಹೋದ ವರ್ಷ ಹೊಟ್ಟೆ ಊದಿಕೊಂಡು, ಹೆಂಡತಿಯ ಹೆಗಲು ಹಿಡಿದು ಬಂದರು. ಮತ್ತೆ ಅದನ್ನೇ ಕೇಳಿದರು. ಡಾಕ್ಟರು ಅವರ ಕೈ ಹಿಡಿದುಕೊಂಡು, "ಬೇಡಪ್ಪ. ಅವರಿಗೇನೂ ಆಗಲ್ಲ" ಅಂದರು, ಮೆಲ್ಲಗೆ.

ಹೊರಗೆ ಬಂದವರೇ ನನ್ನ ಕಿವಿಯಲ್ಲಿ, "ಡಾಕ್ಟ್ರು ಬೈಲಿಲ್ಲ ಸಿಸ್ಟರ್. ನನ್ ಕತೆ ಮುಗೀತು ಅಂತ ಕಾಣುತ್ತೆ" ಅಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಬೈಸಿಕೊಳ್ಳಲು ಬಂದವರು

ಅವರು ತೀರಿಕೊಂಡ ಮೇಲೆ ಆಕೆ ಒಬ್ಬರೇ ಬಂದರು. ಡಾಕ್ಟರು ಅವತ್ತು ಇರಲಿಲ್ಲ.

"ಬೂಸ್ಟರ್ ಬೇಕಾ ಸಿಸ್ಟರ್?"

"ಬೇಡ ಕಣಮ್ಮ. ನಿಮಗೇ ಗೊತ್ತಲ್ಲ."

"ಗೊತ್ತು. ವರ್ಸ ವರ್ಸ ಅವ್ರು ಕೇಳೋರು, ಡಾಕ್ಟ್ರು ಬೈಯೋರು. ವಾಪಸ್ ಹೋಗ್ತಾ ಬಸ್ಸಲ್ಲಿ ಡಾಕ್ಟ್ರಂಗೇ ಬೈದು ತೋರ್ಸಿ ನನ್ನ ನಗ್ಸೋರು. ಈ ವರ್ಸ ಕೇಳೋರೇ ಇಲ್ವಲ್ಲ ಅಂತ ನಾನೇ ಬಂದೆ. ಒಂಚೂರು ಬೈದು ಕಳ್ಸಿ."

ನಾನು ಎದ್ದು ನಿಂತು ದನಿ ಏರಿಸಿದೆ. "ಎಷ್ಟು ಸಲ ಹೇಳ್ಲಿ? ಬೇಡ ಅಂದ್ರೆ..." ಅಷ್ಟಕ್ಕೇ ಅಳು ಬಂದುಬಿಟ್ಟಿತು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿ, ಅಳುತ್ತಲೇ ನಕ್ಕರು.

"ಬುಡಿ ಸಿಸ್ಟರ್. ಬೂಸ್ಟರ್ ಬೇಕಾಗಿರೋದು ನಿಮ್ ಬೈಗುಳಕ್ಕೆ!"