ಬೂದಿಯ ಊರಿಗೆ ಒಂದು ಡಬ್ಬಿ ಬೂದಿ

ಚಿನ್ನದ ಆಸೆಯಿಂದ ಗಲ್ಫಿಗೆ ಹೋದವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ, ಮಕ್ಕಳೇ. ಗಲ್ಫಿನಲ್ಲಿ ಕೂತು ಬೂದಿಗಾಗಿ ಹಂಬಲಿಸಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅವರ ಜೊತೆ ಮೂವತ್ತು ವರ್ಷ ಸಂಸಾರವನ್ನೂ ಮಾಡಿದ್ದೇನೆ! ಹೌದು, ನಿಮ್ಮ ಅಜ್ಜ. ಹೆಸರು ಬರೆಯುವುದಿಲ್ಲ. ಅವರಿದ್ದಾಗ ಬಾಯಿಬಿಟ್ಟು ಹೇಳಿದವಳಲ್ಲ, ಈಗ ಬರೆಯಲು ಕೈ ನಾಚುತ್ತದೆ.

ನಾವು ದೋಹಾದ ಮುಂತಜಾ ಬಡಾವಣೆಯಲ್ಲಿ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿದ್ದೆವು. ಅಡುಗೆಗೆ ಗ್ಯಾಸು. ಸ್ನಾನಕ್ಕೆ ನಲ್ಲಿಯಲ್ಲೇ ಬಿಸಿನೀರು. ಬೇಸಗೆಯಲ್ಲಂತೂ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ! ಊದುಕೊಳವೆ ಊದಿ ಊದಿ ಬೆಳೆದ ನನಗೆ ಅದು ಸ್ವರ್ಗ. ಇವರಿಗೆ ಮಾತ್ರ ದುಃಖ.

"ಎಂತ ಮನೆ ಮಾರಾಯ್ತಿ ಇದು? ಹುಡುಕಿದರೆ ಒಂದು ಚಿಟಿಕೆ ಬೂದಿ ಇಲ್ಲ!"

ಬೂದಿಯಿಲ್ಲದೆ ಹಲ್ಲು ಉಜ್ಜುವುದು ಹೇಗೆ? ತಂಬಿಗೆ ಬೆಳಗುವುದು ಹೇಗೆ? ಕೈಯಿಂದ ಜಾರುವ ಮೀನನ್ನು ಹಿಡಿದು ಕೊಯ್ಯುವುದು ಹೇಗೆ? ಬೀಜಕ್ಕೆ ಹುಳ ಬಾರದಂತೆ ಇಡುವುದು ಯಾವುದರಲ್ಲಿ? ಬಾಲ್ಕನಿಯಲ್ಲಿ ಪೇಂಟಿನ ಡಬ್ಬದಲ್ಲಿ ನೆಟ್ಟ ಬಸಳೆಯ ಬುಡಕ್ಕೆ ಹಾಕುವುದು ಏನು? ನಾನು ಟೂತ್‌ಪೇಸ್ಟ್ ಕೈಗಿಟ್ಟರೆ ಮೂಸಿ ನೋಡಿ, "ಇದು ಉಜ್ಜಲಿಕ್ಕೋ, ತಿನ್ನಲಿಕ್ಕೋ?" ಎನ್ನುತ್ತಿದ್ದರು.

ರಜೆಗೆ ಹೋದವರೆಲ್ಲ ಊರಿನಿಂದ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಂಡು ಬಂದರೆ ಇವರು ತಂದದ್ದು ಏನು? ನಮ್ಮ ಅತ್ತೆಯ ಬಚ್ಚಲ ಒಲೆಯ ಬೂದಿ! ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿಸಿದ್ದರು. ದೋಹಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಮುಚ್ಚಳ ತೆಗೆದ. ಬೂದು ಬಣ್ಣದ ಪುಡಿ! "ಶಿನೂ ಹಾದಾ?" ಏನಿದು ಎಂದು ಹುಬ್ಬು ಗಂಟಿಕ್ಕಿ ಕೇಳಿದ. ಇವರು ಚಿಟಿಕೆ ಬೂದಿ ತೆಗೆದು, ಅಲ್ಲೇ, ಅಷ್ಟು ಜನರ ಎದುರು, ಹಲ್ಲು ಉಜ್ಜಿ ತೋರಿಸಿದರು! ಅವನು ಪಕ್ಕದವನನ್ನೂ ಕರೆದು ತೋರಿಸಿ, ಹೊಟ್ಟೆ ಹಿಡಿದು ನಕ್ಕು, "ಖಲಾಸ್, ಯಲ್ಲಾ!" ಎಂದು ಕಳಿಸಿಬಿಟ್ಟ.

ಟ್ಯಾಕ್ಸಿಯಲ್ಲಿ ಇವರು ಗಂಭೀರವಾಗಿ ಹೇಳಿದರು: "ಪಾಪ, ಅವನಿಗೂ ಬೇಕಿತ್ತು. ಕೇಳಲಿಕ್ಕೆ ನಾಚಿಕೆ."

ಕುವೈತಿನ ಎಣ್ಣೆಬಾವಿಗಳು ಹೊತ್ತಿ ಉರಿದ ವರ್ಷ, 1991ರಲ್ಲಿ, ಹಗಲೇ ಮೋಡ ಕವಿದಂತಾಗಿ ನಮ್ಮ ತಾರಸಿಯ ಬಟ್ಟೆಯ ಮೇಲೆ ಕಪ್ಪು ಚುಕ್ಕಿ ಉದುರಿತು. ನಾನು ಬಟ್ಟೆ ತೆಗೆಯಲು ಓಡಿದೆ. ಇವರು ಬಟ್ಟೆ ಹಾಸಲು ಓಡಿದರು! "ಬೂದಿ ಬೀಳ್ತಾ ಉಂಟು, ಹಿಡಿ ಹಿಡಿ!" ನನ್ನ ಹೊಸ ಬೆಡ್‌ಶೀಟಿನಲ್ಲಿ ಹಿಡಿದದ್ದನ್ನು ತಂಬಿಗೆಗೆ ತಿಕ್ಕಿದರು. ಅದು ಬೂದಿಯೇ? ಎಣ್ಣೆಯ ಮಸಿ! ತಂಬಿಗೆ, ಕೈ, ಅಂಗಿ, ಗೋಡೆ ಎಲ್ಲ ಒಂದೇ ಬಣ್ಣ. "ಒಲೆ ಸರಿ ಇಲ್ಲದಿದ್ದರೆ ಬೂದಿಯೂ ಸರಿ ಇರುವುದಿಲ್ಲ," ಎಂದು ಕುವೈತಿನ ಮೇಲೆ ತಪ್ಪು ಹೊರಿಸಿ ಸ್ನಾನಕ್ಕೆ ಹೋದರು.

ಅದೇ ವರ್ಷ ಜೂನಿನಲ್ಲಿ ನಗಲಾಗದ ತಪ್ಪೊಂದು ಇವರಿಂದ ಆಯಿತು.

ಎದುರು ಮನೆಯಲ್ಲಿ ಫಿಲಿಪ್ಪೀನ್ಸಿನ ನರ್ಸ್ ಲೀಸಾ ಇದ್ದಳು. ನನಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ನಮ್ಮ ಸ್ನೇಹವೆಲ್ಲ ಬಟ್ಟಲಿನಲ್ಲಿ. ಮೀನು ಸಾರು ಆಚೆ ಹೋದರೆ ಮರುದಿನ ನೂಡಲ್ಸ್ ಈಚೆ ಬರುತ್ತಿತ್ತು. ಒಂದು ಸಂಜೆ ಅವಳು "ಮದರ್, ಮದರ್" ಎಂದು ಅಳುತ್ತಾ ಬಾಗಿಲಿಗೆ ಬಂದಳು. ಅವಳ ಊರಿನ ಹತ್ತಿರ ಬೆಂಕಿಬೆಟ್ಟ ಸಿಡಿದು, ಮೈಲುಗಟ್ಟಲೆ ಬೂದಿ ಸುರಿದಿದೆಯಂತೆ. ಇವರ ಕಿವಿಗೆ ಬಿದ್ದದ್ದು ಬೂದಿ ಒಂದೇ!

"ವೆರಿ ಲಕ್ಕಿ, ಸಿಸ್ಟರ್! ಗಾರ್ಡನ್‌ಗೆ ವೆರಿ ಗುಡ್!"

ಲೀಸಾ ಇವರ ಮುಖವನ್ನೇ ನೋಡಿದಳು. ತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಇವರಿಗೆ ಎದುರಾಡಿದವಳಲ್ಲ. ಆ ದಿನ ಆಡಿದೆ. "ಅವಳ ಅಮ್ಮ ಇದ್ದಾರೋ ಇಲ್ಲವೋ ಗೊತ್ತಿಲ್ಲ. ನಿಮಗೆ ಬಸಳೆಯ ಬುಡದ ಚಿಂತೆ!"

ಇವರು ಊಟ ಮಾಡಲಿಲ್ಲ. ಮರುದಿನದಿಂದ ಕೆಲಸ ಮುಗಿಸಿ ನೇರ ಟೆಲಿಫೋನ್ ಆಫೀಸಿಗೆ ಹೋಗಿ, ಉದ್ದ ಸಾಲಿನಲ್ಲಿ ಅವಳಿಗಾಗಿ ನಿಲ್ಲತೊಡಗಿದರು. ಡ್ಯೂಟಿ ಮುಗಿಸಿ ಅವಳು ಬರುವಷ್ಟರಲ್ಲಿ ಸರದಿ ಹತ್ತಿರ ಬಂದಿರುತ್ತಿತ್ತು. ಮೊದಲ ದಿನ ಅವಳು ಇವರ ಕಡೆ ನೋಡಲೂ ಇಲ್ಲವಂತೆ. ಲೈನ್ ಸಿಗಲಿಲ್ಲ. ಎರಡನೇ ದಿನವೂ ಇಲ್ಲ. ಹೀಗೆ ಹದಿನೈದು ದಿನ.

ಕೊನೆಗೆ ಬಂದದ್ದು ಅವಳ ತಮ್ಮನ ಕಾಗದ. ಅಮ್ಮ ಬದುಕಿದ್ದಾರೆ, ಯಾವುದೋ ಶಾಲೆಯಲ್ಲಿ ಊರಿನವರ ಜೊತೆ ಮಲಗುತ್ತಿದ್ದಾರೆ! ಲೀಸಾ ತಾನಾಗಿ ನಮ್ಮ ಮನೆಗೆ ಓಡಿ ಬಂದು ಕಾಗದದ ಜೊತೆಗಿದ್ದ ಫೋಟೊ ತೋರಿಸಿದಳು. ಬೂದಿ ಬಿದ್ದ ದಿನವೇ ಬಿರುಗಾಳಿ ಮಳೆಯೂ ಬಂದು, ನೆನೆದ ಬೂದಿ ಸಿಮೆಂಟಿನಷ್ಟು ಭಾರವಾಗಿ ಮನೆಯ ಮಾಡು ಕುಸಿದಿತ್ತು. ಗದ್ದೆ ಯಾವುದು, ದಾರಿ ಯಾವುದು ತಿಳಿಯದು. ಕಲ್ಲಿನಲ್ಲಿ ಕೆತ್ತಿದಂತೆ ಒಂದು ಎಮ್ಮೆ ನಿಂತಿತ್ತು. ಕಾಗದದ ಮಡಿಕೆಯಲ್ಲಿ ಸ್ವಲ್ಪ ಬೂದಿಯೂ ಇತ್ತು. ಇವರು ಅಭ್ಯಾಸಬಲದಿಂದ ಬೆರಳಲ್ಲಿ ಉಜ್ಜಿ ನೋಡಿದರು. ಗಾಜು ಅರೆದ ಹಾಗೆ ಚರಚರ ಎಂದಿತು. ಮೆಲ್ಲನೆ ಮತ್ತೆ ಕಾಗದದಲ್ಲೇ ಇಟ್ಟು, "ಸಾರಿ, ಸಿಸ್ಟರ್" ಎಂದರು.

ಅವಳು ಕಣ್ಣೊರೆಸಿಕೊಂಡು ಬಾಲ್ಕನಿಯ ಕಡೆ ತಿರುಗಿದವಳು ಚಿಟ್ಟನೆ ಚೀರಿದಳು: "ಅಲುಗ್‌ಬಾತಿ!"

ನಮ್ಮ ಬಸಳೆ! ಅವಳ ಅಮ್ಮನ ಬೇಲಿಯ ತುಂಬ ಅದೇ ಬಳ್ಳಿ ಇತ್ತಂತೆ. ಈಗ ಬೇಲಿಯೂ ಇಲ್ಲ, ಬಳ್ಳಿಯೂ ಇಲ್ಲ.

ಮರುವರ್ಷ ಲೀಸಾ ರಜೆಗೆ ಹೊರಟಾಗ ಇವರು ಒಣಗಿಸಿಟ್ಟ ಬಸಳೆ ಬೀಜ ತಂದರು. ಬೀಜ ಕೆಡಬಾರದಲ್ಲ? ಅತ್ತೆಯ ಒಲೆಯ ಬೂದಿ ಉಳಿದದ್ದೆಲ್ಲ ಆ ಸ್ಟೀಲ್ ಡಬ್ಬಿಗೆ ಸುರಿದು, ಅದರಲ್ಲಿ ಬೀಜ ಹುದುಗಿಸಿ ಅವಳ ಕೈಗಿಟ್ಟರು.

"ಬೂದಿಯಲ್ಲಿ ಮುಳುಗಿದ ಊರಿಗೆ ಬೂದಿ ಕಳಿಸುವುದಾ? ಜನ ನಗುತ್ತಾರೆ!" ಎಂದೆ.

"ಅದು ಬೆಟ್ಟದ್ದು ಮಾರಾಯ್ತಿ. ಇದು ಅಮ್ಮನದ್ದು."

ಮರುದಿನ ಬೆಳಿಗ್ಗೆ ಇವರು ಟೂತ್‌ಪೇಸ್ಟ್ ಕೇಳಿ ಪಡೆದುಕೊಂಡರು.

ರಜೆ ಮುಗಿಸಿ ಬಂದ ಲೀಸಾ ಡಬ್ಬಿ ಹಿಂದೆ ಕೊಟ್ಟಳು. ಒಳಗೆ ಒಂದು ಫೋಟೊ: ಬೂದು ನೆಲ, ಹೊಸ ಬಿದಿರಿನ ಬೇಲಿ, ಅದಕ್ಕೆ ಮೊಳದುದ್ದ ಹಬ್ಬಿದ ಬಸಳೆ, ಪಕ್ಕದಲ್ಲಿ ಬರಿಗಾಲಲ್ಲಿ ನಿಂತ ಅವಳ ಅಮ್ಮ. ನಾನು ಫೋಟೊ ನೋಡುತ್ತಿದ್ದರೆ ಇವರು ಡಬ್ಬಿ ನೋಡುತ್ತಿದ್ದರು. ಕನ್ನಡಿಯಂತಿದ್ದ ಡಬ್ಬಿಯ ಮೈತುಂಬ ಸಣ್ಣ ಸಣ್ಣ ಗೀರು.

"ಅಯ್ಯೋ, ಹಾಳು ಮಾಡಿದ್ದಾರಲ್ಲ!" ಎಂದೆ.

ಇವರು ಗೀರುಗಳ ಮೇಲೆ ಬೆರಳಾಡಿಸಿ ನಕ್ಕರು. "ಹಾಳಲ್ಲ. ಪರರ ಪಾತ್ರೆ ತೊಳೆಯದೆ ಕೊಡಬಾರದು ಅಂತ ಆ ಅಮ್ಮ ಬೆಳಗಿ ಕಳಿಸಿದ್ದಾರೆ. ಅವರ ಹತ್ತಿರ ಇದ್ದ ಬೂದಿಯಲ್ಲಿ."

ಮೊನ್ನೆ ನನ್ನ ಅಡುಗೆಮನೆ ಒಪ್ಪ ಮಾಡುವಾಗ ನೀವು, "ಅಜ್ಜಿ, ಈ ಗೀರು ಬಿದ್ದ ಡಬ್ಬಿ ಎಸೆಯೋಣವಾ?" ಎಂದು ಕೇಳಿದಿರಿ. ಅದಕ್ಕೇ ಇಷ್ಟು ಬರೆದೆ. ಎಸೆಯಬೇಡಿ ಮಕ್ಕಳೇ, ಅದರಲ್ಲಿ ಬಸಳೆ ಬೀಜ ಇದೆ.