ಮೆತ್ತಗೆ ಮಾತಾಡಿ ಕೆಟ್ಟೆ

ನನ್ನದು ಹುಟ್ಟಿನಿಂದಲೇ ಗಣಿತದ ಮಾಸ್ತರರ ಮುಖ. ತೊಟ್ಟಿಲಲ್ಲಿ ನನ್ನನ್ನು ನೋಡಲು ಬಂದವರೂ ತಾವೇನು ತಪ್ಪು ಮಾಡಿದೆವೆಂದು ಯೋಚಿಸುತ್ತಿದ್ದರಂತೆ. ಇಂಥವನನ್ನು ನಮ್ಮ ಪ್ರೌಢಶಾಲೆಯ ಹೆಡ್‌ಮಾಸ್ತರರು ಮಕ್ಕಳ ಮನಸ್ಸಿನ ಯೋಗಕ್ಷೇಮ ನೋಡಿಕೊಳ್ಳಲು ನೇಮಿಸಿದರು. ಬೈಲಹೊಂಗಲದಲ್ಲಿ ಅದರ ತರಬೇತಿ ಇದ್ದ ದಿನ ಉಳಿದವರೆಲ್ಲ ಜಾಣತನದಿಂದ ರಜೆ ಹಾಕಿದ್ದರು. ತರಬೇತಿ ಕೊಟ್ಟ ಮೇಡಂ ಮಕ್ಕಳ ಪಕ್ಕದಲ್ಲಿ ಕೂತು, ನಗುತ್ತ, ಮೆತ್ತಗೆ ಮಾತಾಡಬೇಕೆಂದರು. ಊಟಕ್ಕೆ ಜಿಲೇಬಿ ಇದ್ದದ್ದರಿಂದ ನನಗೂ ಮನಃಪರಿವರ್ತನೆಯಾಯಿತು.

ನಮ್ಮ ಒಂಬತ್ತನೆಯ ತರಗತಿಗೆ ಚಚಡಿ ಕಡೆಯಿಂದ ಮಂಜುಳಾ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ಲೆಕ್ಕದಲ್ಲಿ ಚುರುಕು, ಬಾಯಿ ಮಾತ್ರ ಬೀಗ. ಮಧ್ಯಾಹ್ನದ ಬಿಸಿಯೂಟವನ್ನು ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಒಂದು ದಿನ ಅವಳ ಅಪ್ಪ ಬಂದು, "ಸರ್, ಹುಡುಗಿಗೆ ಇಲ್ಲಿ ಮನಸ ಹತ್ತವಲ್ದರಿ. ಅಮಾಸಿತನಕಾ ನೋಡತೇನಿ, ಇಲ್ಲಂದ್ರ ಸಾಲಿ ಬಿಡಿಸಿಬಿಡತೇನಿ" ಎಂದ. ಶಾಲೆ ಬಿಡಿಸಿದ ಹೆಣ್ಣುಮಗಳಿಗೆ ಮುಂದೆ ಏನು ಕಾದಿರುತ್ತದೆಂದು ನನಗೆ ಗೊತ್ತು. ನಿಜವಾಗಿಯೂ ಸಂಕಟವಾಯಿತು.

ಮರುದಿನವೇ ತರಗತಿಯಲ್ಲಿ ಅವಳ ಬೆಂಚಿನ ತುದಿಗೆ ಕೂತು, ಇದ್ದಬದ್ದ ಹಲ್ಲೆಲ್ಲ ತೋರಿಸಿ, "ಆರಾಮ ಅದಿಯೇನವಾ? ಮನ್ಯಾಗ ಎಲ್ಲಾರೂ ಆರಾಮ ಅದಾರ?" ಎಂದೆ. ಹುಡುಗಿ ಬಿಳಿಚಿಕೊಂಡಳು. ಅವಳಿಗೆ ಊರಲ್ಲಿ ಬಿಟ್ಟುಬಂದ ಅಜ್ಜಿ ನೆನಪಾದಳೇನೋ, "ಸರ್ರ, ನಮ್ಮ ಆಯಿ ಹೋದಳೇನ್ರಿ?" ಎಂದಳು.

ಆಗ ಹೊಳೆಯಿತು. ಯಾರ ಮನೆಯಲ್ಲಾದರೂ ಸಾವಾದರೆ ನಮ್ಮ ಶಾಲೆಯಲ್ಲಿ ಮಗುವಿಗೆ ನೇರವಾಗಿ ಹೇಳುವ ಪದ್ಧತಿಯಿಲ್ಲ. ಮಾಸ್ತರರು ಪಕ್ಕದಲ್ಲಿ ಕೂತು, ಮೆಲುದನಿಯಲ್ಲಿ "ಪಾಟಿಚೀಲಾ ತಗೊಳವಾ, ಮನಿಗೆ ಹೋಗಿ ಬರೂಣು" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಮೆತ್ತಗೆ ಮಾತಾಡಿದ್ದೆಲ್ಲ ಅಂಥ ಹೊತ್ತಿನಲ್ಲೇ. ಗಾಬರಿಯಿಂದ ಇನ್ನೂ ಮೆತ್ತಗೆ, "ಯಾರಿಗೂ ಏನೂ ಆಗಿಲ್ಲವಾ" ಎಂದೆ. ನಿಜವಾಗಿ ಸಾವಾದಾಗಲೂ ನಾವು ಹೇಳುವುದು ಇದನ್ನೇ. ಮುಂದಿನ ಬೆಂಚಿನ ಲಕ್ಷ್ಮಿ, ಅಲ್ಲಿಯತನಕ ಆ ಹುಡುಗಿಯ ಹೆಸರನ್ನೂ ಕೇಳದವಳು, "ಅಯ್ಯ ನಮ್ಮವ್ವಾ!" ಎಂದು ತಬ್ಬಿಕೊಂಡು ಅತ್ತಳು. ಇಡೀ ತರಗತಿ ಅತ್ತಿತು. ಒಬ್ಬಳು ನೀರು ತಂದಳು, ಒಬ್ಬಳು ಚೀಲ ತುಂಬಿದಳು, ಇನ್ನೊಬ್ಬಳು ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಂತಳು.

ಕೊನೆಗೆ ಡಸ್ಟರನ್ನು ಮೇಜಿಗೆ ಕುಟ್ಟಿ, "ಲೇ, ಸುಮ್ಮ ಕುಂದರ್ರಿ! ಯಾರೂ ಸತ್ತಿಲ್ಲ! ಇನ್ನ ಯಾರರೆ ಅತ್ರ ಹೊರಗ ನಿಂದರಸ್ತೇನಿ!" ಎಂದು ಗುಡುಗಿದೆ. ಲಕ್ಷ್ಮಿ ಮೂಗು ಒರೆಸಿಕೊಂಡು, "ಸರ್ ಒದರಾಕ ಹತ್ಯಾರ. ಅಂದ್ರ ಎಲ್ಲಾ ಆರಾಮ ಐತಿ ಬಿಡ" ಎಂದಳು. ಮಂಜುಳಾ ನಕ್ಕಳು. ಆ ನಗೆಯನ್ನು ನಾನು ಮೊದಲ ಸಲ ನೋಡಿದೆ.

ಒಮ್ಮೆ ಕೂಡಿ ಅತ್ತ ಮೇಲೆ ಅವಳನ್ನು ಒಬ್ಬಳೇ ಉಣ್ಣಲು ಬಿಡುವುದುಂಟೆ? ಅಂದು ಮಧ್ಯಾಹ್ನವೇ ಲಕ್ಷ್ಮಿಯ ಗುಂಪು ಅವಳನ್ನು ಗೋಡೆಯಿಂದ ಎಳೆದುಕೊಂಡು ಹೋಯಿತು. ಅಮಾವಾಸ್ಯೆ ಕಳೆದ ಮೇಲೆ ಅಪ್ಪ ಬಂದ. "ಇರಲಿ ಬಿಡ್ರಿ, ಸಾಲೀಗೆ ಬರಲಿ. ಮನ್ಯಾಗ ಬಾಯಿ ಮುಚ್ಚವಲ್ಲಳು" ಎಂದ. ಹೆಡ್‌ಮಾಸ್ತರರು ಇದನ್ನು ನನ್ನ ತರಬೇತಿಯ ಫಲವೆಂದು ಸಭೆಯಲ್ಲಿ ಹೊಗಳಿದರು. ದೊಡ್ಡವರ ಮಾತಿಗೆ ಎದುರಾಡಬಾರದೆಂದು ಎದ್ದು ಕೈ ಮುಗಿದೆ.

ಮೊನ್ನೆ ಪ್ರಯೋಗಶಾಲೆಯಲ್ಲಿ ಎಂದಿನಂತೆ ಒಬ್ಬನೇ ಡಬ್ಬಿ ಬಿಚ್ಚಿದ್ದೆ. ಹೆಂಡತಿ ಮಾಡಿದ ಎಣ್ಣೆಗಾಯಿ ಸ್ಟಾಫ್‌ರೂಮಿನಲ್ಲಿ ನನ್ನ ಬಾಯಿಗೆ ಬಂದದ್ದೇ ಇಲ್ಲ; ಪ್ರಯೋಗಶಾಲೆಯ ಮೂಲೆಯ ಅಸ್ಥಿಪಂಜರವಾದರೆ ಡಬ್ಬಿಗೆ ಕೈ ಹಾಕುವುದಿಲ್ಲ. ಮಂಜುಳಾ ಒಳಗೆ ಬಂದಳು. ಪಕ್ಕದ ಸ್ಟೂಲಿನ ಮೇಲೆ ಕೂತು, ನಗುತ್ತ, ಬಹಳ ಮೆತ್ತಗೆ, "ಸರ್ರ, ಆರಾಮ ಅದೀರೇನ್ರಿ? ಒಬ್ಬರ ಯಾಕ ಉಣ್ಣಾಕ ಹತ್ತೀರಿ?" ಎಂದಳು.

ರೊಟ್ಟಿಯನ್ನು ಡಬ್ಬಿಗೇ ಬಿಟ್ಟೆ. ಎಂಜಲು ಕೈಯಲ್ಲೇ ಮನೆಗೆ ಫೋನು ಹಚ್ಚಿದೆ. "ಹೊತ್ತಿಲ್ಲ ಗೊತ್ತಿಲ್ಲ, ಏನ್ರಿ ನಿಮ್ಮದು? ಮತ್ತ ಡಬ್ಬಿ ಮುಚ್ಚಳಾ ಕಳದ್ರೇನ?" ಎಂದು ಹೆಂಡತಿ ಒದರಿದಳು. ಸದ್ಯ, ಎಲ್ಲ ಆರಾಮ ಎಂದುಕೊಂಡು ನೀರು ಕುಡಿದೆ.